ಮೊದಲ ಸುತ್ತಿನ ದನಿ

ಶಿಡ್ಲಘಟ್ಟದಲ್ಲಿ ಹಳೇ ರೇಷ್ಮೆ ರೀಲಿಂಗ್ ಘಟಕವೊಂದರ ಮೇಲಿನ ಮಹಡಿಯಲ್ಲಿ ಮೋಹನ್‌ಬಾಬು ಅವರ ಕಂಪನಿಯಿತ್ತು. ಶಾಲೆಗಳ ಹಾಜರಿ, ಪರೀಕ್ಷೆಗೆ ಬೇಕಾದ ಸಾಫ್ಟ್‌ವೇರ್ ಮಾಡುತ್ತಿದ್ದರು. ಒಂಬತ್ತು ಜನರಿದ್ದದ್ದು ಒಂದೇ ವರ್ಷದಲ್ಲಿ ನಲವತ್ತಾಗಿ, ಇನ್ನೂ ಇಪ್ಪತ್ತು ಜನ ಬೇಕಾಗಿತ್ತು. ಅರ್ಜಿ ಹಾಕಿದವರಿಗೆಲ್ಲ ಫೋನ್ ಮಾಡಿ ಮೊದಲ ಸುತ್ತಿನ ಇಂಟರ್‌ವ್ಯೂ ನಡೆಸುವುದು ಮಿಸ್ಬಾಳ ಕೆಲಸ. ದಿನಕ್ಕೆ ಮೂವತ್ತು ಕರೆ. ಸಂಜೆಯಾಗುವಷ್ಟರಲ್ಲಿ ಗಂಟಲು ಕಟ್ಟಿಹೋಗುತ್ತಿತ್ತು.

"ನಿನ್ನ ದನಿ ಒಂದು ಕೊಡಮ್ಮ ಸಾಕು, ಮಿಕ್ಕಿದ್ದು ಮಿಷನ್ನೇ ನೋಡ್ಕೊಳುತ್ತೆ" ಎಂದರು ಮೋಹನ್‌ಬಾಬು.

ಎರಡು ದಿನ ಮುಚ್ಚಿದ ಕೋಣೆಯಲ್ಲಿ ಕೂತು, ಪ್ರೋಗ್ರಾಮರ್ ಫೈಜಾನ್ ಕೊಟ್ಟ ವಾಕ್ಯಗಳನ್ನೆಲ್ಲ ಮಿಸ್ಬಾ ಓದಿ ರೆಕಾರ್ಡ್ ಮಾಡಿಸಿದಳು. ಮುಂದಿನ ವಾರದಿಂದ ಅವಳ ದನಿಯೇ ತಾನಾಗಿ ಅರ್ಜಿದಾರರಿಗೆ ಫೋನ್ ಮಾಡಿ, ಹನ್ನೆರಡು ಪ್ರಶ್ನೆ ಕೇಳಿ, ಉತ್ತರ ದಾಖಲಿಸಿಕೊಂಡು, ಥ್ಯಾಂಕ್ಸ್ ಹೇಳಿ ಇಡತೊಡಗಿತು.

ಎರಡನೇ ಸುತ್ತಿಗೆ ಮಂಡಿಕಲ್ಲಿನಿಂದ ಕವಿತ ಎಂಬ ಹುಡುಗಿ ಬಂದಳು. ಮಿಸ್ಬಾಳ ಎದುರು ಕೂತು ನಕ್ಕಳು.

"ನೀವು ಅವತ್ತು ಫೋನಲ್ಲಿ ಹೇಳಿದ್ದಕ್ಕೇ ಧೈರ್ಯ ಬಂತು ಮೇಡಂ. ನೀವೂ ಮೊದ್ಲನೇ ಇಂಟರ್‌ವ್ಯೂಗೆ ಬಾಗಿಲ ತನಕ ಹೋಗಿ ವಾಪಸ್ ಬಂದಿದ್ರಂತಲ್ಲ."

ಮಿಸ್ಬಾಳ ಕೈಯಲ್ಲಿದ್ದ ಪೆನ್ನು ನಿಂತಿತು. ನಿಜ. ಎಂಟು ವರ್ಷದ ಹಿಂದೆ ಚಿಕ್ಕಬಳ್ಳಾಪುರದ ಒಂದು ಆಫೀಸಿನ ಬಾಗಿಲಿನಿಂದ ಹೆದರಿ ಹಾಗೇ ಇಳಿದುಬಂದಿದ್ದಳು. ಸಂಜೆವರೆಗೆ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದು, ಸೆಲೆಕ್ಟ್ ಆಗಲಿಲ್ಲವೆಂದು ಮನೆಯಲ್ಲಿ ಸುಳ್ಳು ಹೇಳಿದ್ದಳು. ಆ ಮಾತನ್ನು ಇಂದಿನವರೆಗೆ ಯಾರ ಮುಂದೆಯೂ ಆಡಿರಲಿಲ್ಲ, ತಾಯಿ ಷಮೀಮ್ ಮುಂದೆ ಕೂಡ.

ಕವಿತಳ ಕರೆಯ ರೆಕಾರ್ಡಿಂಗನ್ನು ಫೈಜಾನ್ ಕೇಳಿಸಿದ. ನಾಲ್ಕು ನಿಮಿಷ, ಹನ್ನೆರಡು ಪ್ರಶ್ನೆ, ಹನ್ನೆರಡು ಉತ್ತರ. ಕವಿತಳ ಮೊಬೈಲ್ ಇಸಿದುಕೊಂಡು ನೋಡಿದರೆ ಅದೇ ಕರೆ ಮೂವತ್ತೆಂಟು ನಿಮಿಷ ನಡೆದಿತ್ತು.

"ನಾನು ಬೇರೆ ಏನೂ ಹಾಕಿಲ್ಲ, ಆಪಾ" ಎಂದ, ಅವಳನ್ನು ಅಕ್ಕನೆಂದೇ ಕರೆಯುತ್ತಿದ್ದ ಫೈಜಾನ್. ಅವನ ಮುಖ ಬಿಳುಚಿಕೊಂಡಿತ್ತು.

ಮಾರನೇ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ದನಿಯ ಕರೆಗಳು ಹೋಗುತ್ತಿದ್ದ ನಂಬರಿಗೆ ಮಿಸ್ಬಾ ತಾನೇ ಫೋನ್ ಮಾಡಿದಳು.

"ನಮಸ್ಕಾರ. ನಿಮ್ಮ ಹೆಸರು ಹೇಳ್ತೀರಾ?" ಅವಳದೇ ದನಿ.

"ಮಿಸ್ಬಾ."

ಆ ಕಡೆ ಯಾರೋ ಉಸಿರು ಎಳೆದುಕೊಂಡಂತಾಯಿತು.

"ಅದು ನನ್ನ ಹೆಸರು" ಎಂದಿತು ದನಿ, ಮೆಲ್ಲಗೆ. "ನಿಮ್ಮದು ಹೇಳಿ."

ಮಿಸ್ಬಾ ಫೋನ್ ಇಟ್ಟವಳೇ ನೇರವಾಗಿ ಮೋಹನ್‌ಬಾಬು ಅವರ ಕೋಣೆಗೆ ಹೋದಳು. "ಅದನ್ನ ತೆಗೆಸಿ ಸಾರ್. ಇಲ್ಲಾಂದ್ರೆ ನಾನು ಹೋಗ್ತೀನಿ." ಯಾವುದಕ್ಕೂ ವಾದ ಮಾಡುವ ಮನುಷ್ಯ ಅವಳ ಮುಖ ನೋಡಿ ಫೈಜಾನ್‌ನನ್ನು ಕರೆಸಿದರು. ಅವಳ ಕಣ್ಣೆದುರಿಗೇ ಫೈಜಾನ್ ಎಲ್ಲವನ್ನೂ ಅಳಿಸಿದ. ದನಿಯೂ ಹೋಯಿತು, ರೆಕಾರ್ಡಿಂಗುಗಳೂ ಹೋದವು. ನಂಬರನ್ನೂ ರದ್ದು ಮಾಡಿಸಿದರು. ಕರೆಗಳು ಮತ್ತೆ ಮಿಸ್ಬಾಳ ಪಾಲಿಗೆ ಬಂದವು. ಗಂಟಲು ನೋಯುತ್ತಿದ್ದರೂ ಅವಳಿಗೆ ಹಾಯೆನಿಸಿತು.

ಮೂರು ವಾರ ಕಳೆಯಿತು. ಚಿಂತಾಮಣಿಯ ವೆಂಕಟೇಶ್ ಎಂಬುವವನಿಗೆ ಫೋನ್ ಮಾಡಿ ಅವಳು ತನ್ನ ಹೆಸರು ಹೇಳುತ್ತಿದ್ದಂತೆ ಅವನು ತಡೆದ.

"ಮತ್ತೆ ಯಾಕೆ ಮೇಡಂ? ನಿನ್ನೆ ಸಾಯಂಕಾಲ ಮಾತಾಡಿದ್ವಲ್ಲ."

ಮಿಸ್ಬಾ ಕುರ್ಚಿ ಎಳೆದುಕೊಂಡು ಕೂತಳು. "ಏನು ಮಾತಾಡಿದೆ ನಾನು?"

ಅವನು ತಡವರಿಸಿದ. "ಕೆಲಸದ ಬಗ್ಗೆ ಏನೂ ಕೇಳ್ಲಿಲ್ಲ. ನೀವು ಅಳ್ತಿದ್ರಿ. 'ನನ್ನ ಜಾಗದಲ್ಲಿ ಬೇರೆ ಯಾರೋ ಕೂತವ್ರೆ, ನೀವಾದ್ರೂ ಬಂದು ನೋಡಿ' ಅಂದ್ರಿ."

ವೆಂಕಟೇಶ್ ಎರಡನೇ ಸುತ್ತಿಗೆ ಬಂದ. ಪರೀಕ್ಷೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದ. ಬೇಡ ಎನ್ನಲು ಅವಳ ಬಳಿ ಕಾರಣವಿರಲಿಲ್ಲ. ಈಗ ಅವಳ ಎದುರಿನ ಮೇಜಿನಲ್ಲೇ ಕೂರುತ್ತಾನೆ. ಒಳ್ಳೆಯ ಕೆಲಸಗಾರ, ಯಾರ ತಂಟೆಗೂ ಹೋಗುವವನಲ್ಲ. ಆದರೆ ಮಿಸ್ಬಾ ಏನಾದರೂ ಹೇಳಿದಾಗಲೆಲ್ಲ ಅವನು ಕೂಡಲೇ ಉತ್ತರ ಕೊಡುವುದಿಲ್ಲ. ಮೊದಲು ತಲೆಯೆತ್ತಿ, ಮಾತು ಅವಳ ಬಾಯಿಂದಲೇ ಬರುತ್ತಿದೆಯೇ ಎಂದು ಅವಳ ತುಟಿ ನೋಡುತ್ತಾನೆ.