ಅಖಾ ಅನ್ನು, ಚಿಚಾ ಅನ್ನಬೇಡ

ಸೆಬೆರಿನಾಳ ಮನೆ ಮುಂದೆ ಕೋಲಿಗೆ ಕೆಂಪು ಬಟ್ಟೆ ಏರಿತೆಂದರೆ ಹೊಸ ಮದ್ಯ ಇಳಿದಿದೆ ಎಂದೇ ಲೆಕ್ಕ. ಹೊಲದಿಂದ ಬರುವವರು ನೇರ ಅಲ್ಲಿಗೇ ನುಗ್ಗುತ್ತಿದ್ದರು. ಮೆಕ್ಕೆಜೋಳ ಮೊಳಕೆ ಬರಿಸಿ, ಕುದಿಸಿ, ಹುಳಿಯಿಸುವ ಆಕೆಯ ಕೈಗುಣಕ್ಕೆ ಉರುಬಂಬ ಕಣಿವೆಯಲ್ಲೆಲ್ಲ ಹೆಸರಿತ್ತು. ಆದರೆ ಅದನ್ನು ‘ಚಿಚಾ’ ಎಂದವರ ಲೋಟಕ್ಕೆ ಆಕೆ ಹನಿಯನ್ನೂ ಬಗ್ಗಿಸುತ್ತಿರಲಿಲ್ಲ. ‘ಅಖಾ’ ಎನ್ನಬೇಕು. ಅವಳ ಅಜ್ಜಿಯ ಅಜ್ಜಿಯೂ ಬೆಟ್ಟದವರ ಕೆಚುವಾ ಭಾಷೆಯಲ್ಲಿ ಹಾಗೇ ಅಂದದ್ದು.

ಸೊಸೆ ನೆರಿದಾ ಕಡಲ ಕಡೆಯವಳು. ಕೆಚುವಾ ಅವಳ ನಾಲಿಗೆಗೆ ಹತ್ತಿರಲಿಲ್ಲ. ಗಂಡ ಮೆಲಿತೋನ್ ಲಾರಿ ಉರುಳಿ ತೀರಿಕೊಂಡ ಮೇಲೂ ಅವಳು ಅತ್ತೆಯ ಜೊತೆಯೇ ಉಳಿದಿದ್ದಳು. ಸತ್ತವನ ಸುದ್ದಿಯನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ನೆರಿದಾ ಹಿಲಾರಿಯೊ ಮೇಷ್ಟ್ರ ಮುಂದೆ ಲೋಟ ಇಟ್ಟು, “ಚಿಚಾ ತಗೊಳ್ಳಿ ಮೇಷ್ಟ್ರೇ” ಎಂದಳು.

“ಇನ್ನೂ ಬಾಯಿ ತಿರುಗಲಿಲ್ವೇನೇ ನಿಂಗೆ?” ಎಂದಳು ಸೆಬೆರಿನಾ.

ನಿವೃತ್ತ ಮೇಷ್ಟ್ರಿಗೆ ಹುರುಪು ಬಂತು. “ಆ ಮಾತು ನಮ್ಮ ಬೆಟ್ಟದ್ದಲ್ಲ. ಸ್ಪೇನಿನವರು ಪನಾಮಾ ಕಡೆ ಎಲ್ಲೋ ಕೇಳಿ, ಇಲ್ಲಿಗೆ ಬರುವಾಗ ಬಾಯಲ್ಲಿ ತಂದದ್ದು ಅಂತಾರೆ. ಅಲ್ಲಿ ಮೆಕ್ಕೆಜೋಳಕ್ಕೇ ಹಾಗೆ ಅಂತಿದ್ರೋ ಏನೋ, ಸರಿಯಾಗಿ ಯಾರಿಗೂ ಗೊತ್ತಿಲ್ಲ.”

“ಹಾಗನ್ನಿ. ಎಲ್ಲಿಂದಲೋ ಬಂದು ವಕ್ಕರಿಸ್ಕೊಂಡಿದ್ದು. ನಮ್ಮನೆ ಸೊಸೆ ಥರ.”

ಕುಡಿಯುತ್ತಿದ್ದವರೆಲ್ಲ ನಕ್ಕರು. ನೆರಿದಾ ಹೂಜಿ ಕೆಳಗಿಟ್ಟು ಒಳಗೆ ಹೋದಳು.

ಸ್ವಲ್ಪ ಹೊತ್ತಿನ ಮೇಲೆ ಸೆಬೆರಿನಾ ಅಡುಗೆಮನೆಗೆ ಹೋದರೆ, ಹಂಡೆಯಲ್ಲಿದ್ದ ಅಖಾ ಅರ್ಧ ಮಾತ್ರ ಸೋಸಿಯಾಗಿತ್ತು. ಹಿತ್ತಿಲ ಬಾಗಿಲು ತೆರೆದಿತ್ತು. ಸೊಸೆಯ ಬಟ್ಟೆಗಂಟು ಇರಲಿಲ್ಲ. ಮೆಲಿತೋನನ ಕಂಬಳಿಯನ್ನು ಮಾತ್ರ ನೀಟಾಗಿ ಮಡಿಸಿ ಇಟ್ಟಿದ್ದಳು.

ಸೆಬೆರಿನಾ ಹೊರಗೆ ಬಂದಳು. “ಮೇಷ್ಟ್ರೇ, ಆ ಮಾತು ಇಲ್ಲಿಗೆ ಬಂದು ಎಷ್ಟು ಕಾಲ ಆಯ್ತು?”

“ಐನೂರು ವರ್ಷದ ಹತ್ತಿರ ಆಗಿರಬೇಕು. ಈಗ ಎಲ್ಲರ ಬಾಯಲ್ಲೂ ಅದೇ. ನಿನ್ನ ಮಗನೂ ನೀನಿಲ್ಲದಾಗ ಚಿಚಾ ಅಂತಲೇ ಅಂತಿದ್ದ.”

ಮಗನ ಈ ಗುಟ್ಟು ಅವಳಿಗೆ ಗೊತ್ತೇ ಇರಲಿಲ್ಲ; ಸೊಸೆಗೆ ಇಂಥವು ಇನ್ನೆಷ್ಟು ಗೊತ್ತೋ ಎನಿಸಿತು. ಸೆರಗಿನಂತಿದ್ದ ಹೊದಿಕೆಯನ್ನು ಹೆಗಲಿಗೆಳೆದುಕೊಂಡು ಬಸ್ ನಿಲ್ದಾಣಕ್ಕೆ ಓಡುನಡಿಗೆಯಲ್ಲಿ ಹೊರಟಳು.

ನೆರಿದಾ ಗಂಟಿನ ಮೇಲೆ ಕೂತಿದ್ದಳು. ಅತ್ತೆಯನ್ನು ಕಂಡು ಮುಖ ತಿರುಗಿಸಿದಳು. “ಸೋಸೋದು ಉಳಿದಿದೆ ಅಂತ ಬಂದ್ರಾ?”

“ಅದು ಹಾಳಾಗ್ಲಿ.” ಸೆಬೆರಿನಾ ಏದುಸಿರು ಬಿಡುತ್ತ ಪಕ್ಕದಲ್ಲಿ ಕೂತಳು. “ನೀನು ಹೋದ್ರೆ ಅವನ ವಿಷಯ ನಾನು ಯಾರ ಹತ್ರ ಆಡ್ಲಿ? ನೀನಿದ್ದಾಗ್ಲೂ ಆಡಲಿಲ್ಲ. ಆಡಿದ್ರೆ ಅಳು ಬರುತ್ತೆ ಅಂತ ನಿನ್ನ ಮೇಲೆ ರೇಗ್ತಿದ್ದೆ.”

ಬಸ್ಸು ಬಂದು ನಿಂತಿತು. ಡ್ರೈವರ್ ಎರಡು ಸಲ ಹಾರನ್ ಹೊಡೆದ. ನೆರಿದಾ ಗಂಟಿನ ಮೇಲಿಂದ ಏಳಲಿಲ್ಲ.

“ಚಿಕ್ಕವರಿದ್ದಾಗ ಹೇಗಿದ್ರು ಅವರು?” ಎಂದು ಕೇಳಿದಳು.

“ಮಹಾ ಸುಳ್ಳ,” ಎಂದಳು ಸೆಬೆರಿನಾ. ಬಸ್ಸು ಹೊರಟುಹೋಯಿತು. ಅವಳು ಹೇಳುತ್ತಲೇ ಹೋದಳು, ಸೊಸೆ ನಡುನಡುವೆ ನಗುತ್ತ, ಕಣ್ಣೊರೆಸಿಕೊಳ್ಳುತ್ತ ಕೇಳಿದಳು. ಇಬ್ಬರೂ ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಹಂಡೆಯಲ್ಲಿ ಉಳಿದದ್ದು ಹುಳಿ ಮಿತಿಮೀರಿ ಹಂದಿಗಳ ಪಾಲಾಯಿತು.