ಗೋಡೆಯಲ್ಲಿ ಉಳಿದ ಬಾಗಿಲು

"ಎಡಕ್ಕೆ ತಿರುಗಿಸಪ್ಪ," ಎಂದು ಆಕೆ ಶವದ ವ್ಯಾನಿನ ಡ್ರೈವರನ ಹೆಗಲು ತಟ್ಟಿದಳು.

"ಸ್ಮಶಾನ ಬಲಕ್ಕಲ್ವಾ ಅಮ್ಮ?"

"ಗೊತ್ತು. ಮೊದಲು ಸಭಾಂಗಣದ ಹತ್ರ ಹೋಗೋಣ."

ಪಕ್ಕದಲ್ಲಿದ್ದ ತಮ್ಮ ನಿಟ್ಟುಸಿರಿಟ್ಟ. "ಸತ್ತ ಮೇಲೂ ಭಾವ ಕೆಲಸಕ್ಕೆ ಹೊರಟರಲ್ಲ. ಅಕ್ಕ, ಅಲ್ಲಿ ಜನ ಕಾಯ್ತಿದಾರೆ, ಹೊತ್ತಾಗುತ್ತೆ."

"ಇನ್ನು ಇವರಿಗೆಂಥ ಹೊತ್ತೋ? ಆ ಗೋಡೆ ಮುಟ್ಟಬೇಕು ಅಂತ ದಿನಾ ಕೇಳ್ತಿದ್ರು. ಎದ್ದು ಕೂರೋ ಹಾಗಾಗಲಿ, ಹೋಗೋಣ ಅಂದೆ. ಏಳಲೇ ಇಲ್ಲ. ಇವತ್ತಾದ್ರೂ ಕೈ ತಗಲಿಸಿ ಕರ್ಕೊಂಡು ಹೋಗ್ತೀನಿ."

ತಮ್ಮ ಡ್ರೈವರನಿಗೆ ಎಡಕ್ಕೆ ಕೈ ತೋರಿಸಿದ.

*

ಸಭಾಂಗಣ ಕಟ್ಟುವಾಗ ಅವಳ ಗಂಡ ಸೆಂಟ್ರಿಂಗ್ ಬಡಗಿ, ಕಾಂಕ್ರೀಟು ಸುರಿಯಲು ಹಲಗೆಯ ಅಚ್ಚು ಕಟ್ಟುವವನು. ಗೋಡೆಗೆ ಗಾರೆ ಬೇಡ, ಬಣ್ಣ ಬೇಡ, ಹಲಗೆಯ ನಾರು ಕಾಂಕ್ರೀಟಿನ ಮೇಲೆ ಹಾಗೇ ಮೂಡಲಿ ಎಂದಿದ್ದರು ನಕ್ಷೆ ಬರೆದವರು. ಬಟ್ಟೆ ಉಡದ ಕಟ್ಟಡ ಎಂದು ಊರೆಲ್ಲ ನಕ್ಕಿತು. ಅದೇ ಕಟ್ಟಡವನ್ನು ನೋಡಲು ಆಮೇಲೆ ದೂರದೂರದ ವಿದ್ಯಾರ್ಥಿಗಳು ಬಂದರು.

ಕೊನೆಯ ಗೋಡೆಗೆ ಹಲಗೆ ಸಾಲದಾಯಿತು. ಕಲಸಿದ ಕಾಂಕ್ರೀಟು ಯಾರಿಗೂ ಕಾಯುವುದಿಲ್ಲ. ಅವನು ಓಡಿ ಬಂದು ಮನೆಯ ಬಾಗಿಲನ್ನೇ ಬಿಚ್ಚತೊಡಗಿದ.

"ಕಳ್ಳ ಬಂದ್ರೆ?" ಎಂದಳು ಆಕೆ, ಮಗಳನ್ನು ಕಂಕುಳಲ್ಲಿಟ್ಟುಕೊಂಡು.

"ನಮ್ಮನೆ ನೋಡಿ ಪಾಪ, ಅವನೇ ಏನಾದ್ರೂ ಇಟ್ಟು ಹೋಗ್ತಾನೆ."

ಹಲಗೆ ಬಿಚ್ಚಿದ ದಿನ ಇಬ್ಬರನ್ನೂ ಕರೆದೊಯ್ದು ತೋರಿಸಿದ. ಬಾಗಿಲಿನ ಗಂಟುಗಳೆಲ್ಲ ಗೋಡೆಯಲ್ಲಿದ್ದವು. ಬುಡದಲ್ಲಿ ಮಗಳು ಚಮಚದಿಂದ ಗೀಚಿದ್ದ ಗೆರೆಗಳು ಉಬ್ಬಿ ನಿಂತಿದ್ದವು.

ಮುಂದಿನ ವರ್ಷ ಜ್ವರ ಮಗಳನ್ನು ಕೊಂಡೊಯ್ದಿತು. ಬಾಗಿಲನ್ನು ಗೆದ್ದಲು ತಿಂದಿತು. ಕೊಟ್ಟದ್ದನ್ನೆಲ್ಲ ಹಿಂದಕ್ಕೆ ಪಡೆದ ದೇವರು ಆ ಗೆರೆಗಳನ್ನು ಮಾತ್ರ ಮರೆತು ಬಿಟ್ಟಿದ್ದ. ಭಾನುವಾರಗಳಲ್ಲಿ ಬಡಗಿ ಹೋಗಿ, ಮಂಡಿಯೂರಿ, ಅವುಗಳ ಮೇಲೆ ಬೆರಳಾಡಿಸಿ ಬರುತ್ತಿದ್ದ.

*

ಸಭಾಂಗಣದ ಸುತ್ತ ಕೆಲಸದವರು ಹತ್ತಿ ನಿಲ್ಲುವ ಬೊಂಬಿನ ಸಾರ್ವೆ ಕಟ್ಟಿತ್ತು. ಆಕೆ ಒಬ್ಬಳೇ ಇಳಿದು ಹಿಂಬದಿಗೆ ನಡೆದಳು. ಗೋಡೆ ಮೇಲಿಂದ ಕೆಳಗಿನವರೆಗೆ ನುಣ್ಣಗಿತ್ತು. ಗಾರೆಯವನು ಕರಣೆ ತೊಳೆಯುತ್ತಿದ್ದ.

"ಬುಡದ್ದೂ ಮುಗೀತಾಪ್ಪ?"

"ಈಗಷ್ಟೇ ಮುಗೀತಮ್ಮ. ಬಲೇ ಒರಟಿತ್ತು. ಮಕ್ಕಳ ಕೈ ತರಚುತ್ತೆ ಅಂತ ದೂರು."

"ಕೆರೆದ್ರೆ ಒಳಗಿನದು ಸಿಗುತ್ತಾ?"

"ಎಲ್ಲಿ ಸಿಗುತ್ತೆ? ಗಾರೆ ಕಚ್ಚಿಕೊಳ್ಳಲಿ ಅಂತ ಮೊದಲೇ ಉಳಿಯಲ್ಲಿ ಹೊಡೆದುಬಿಡ್ತೀವಿ. ಉಬ್ಬಿದ್ದೆಲ್ಲ ಉದುರಿಹೋಯ್ತು."

ತಮ್ಮ ಹಿಂದೆ ಬಂದು ನಿಂತಿದ್ದ. "ಭಾವನ್ನ ಇಳಿಸೋಣ್ವಾ ಅಕ್ಕ?"

"ಬೇಡ," ಎಂದಳು ಆಕೆ. "ಅವರಿಗೆ ಹೇಳಬೇಡ."

ಬಗ್ಗಿ, ಮಂಡಿಯೆತ್ತರದಲ್ಲಿ ಅಂಗೈ ಊರಿದಳು. ಹಸಿ ಗಾರೆಯಲ್ಲಿ ಐದು ಬೆರಳೂ ಇಳಿದವು. ಸೆರಗಿನಲ್ಲಿ ಕೈ ಒರೆಸಿಕೊಂಡು ಹೋಗಿ ವ್ಯಾನು ಹತ್ತಿದಳು.

ಗಾರೆಯವನು ಒಳ್ಳೆಯವನು. ವ್ಯಾನು ಹೊರಡುವವರೆಗೂ ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಕರಣೆಯನ್ನು ನೀರಿಗದ್ದಿ, ಬಗ್ಗಿ, ಕೆಳಗಿನಿಂದ ಮೇಲಕ್ಕೆ ಒಮ್ಮೆ ಎಳೆದ.