ಸೊಸೆಯ ಹೆಪ್ಪು

ಮದುವೆಯಾಗಿ ಆರು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. 2003ರಲ್ಲಿ ಅತ್ತೆ ಬಸಮ್ಮನೇ ನನ್ನನ್ನು ಬಿ.ದುರ್ಗದಿಂದ ಚಿತ್ರದುರ್ಗದ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಪರೀಕ್ಷೆ ಮಾಡಿದ ಡಾಕ್ಟರು, "ಒಳಗೆ ಏನಾದರೂ ಹಾಕಿ ತೊಳ್ಕೊತೀಯಾ?" ಎಂದು ಕೇಳಿದರು.

ನಾನು ತಲೆ ತಗ್ಗಿಸಿದೆ. ಅತ್ತೆಯೇ ಹೆಮ್ಮೆಯಿಂದ ಹೇಳಿದರು: "ಹೂನ್ರಿ. ಗಾಯ ತೊಳೆಯೋ ಔಷಧಿ ನಾನೇ ತಂದ್ಕೊಡ್ತೀನಿ. ಪ್ರತಿ ಸೋಮವಾರ, ಪೂಜೆಗೆ ಮುಂಚೆ. ನಮ್ಮನೇಲಿ ಬಾಳ ಮಡಿ ಐತೆ."

ಡಾಕ್ಟರು ಬೈಯಲಿಲ್ಲ. "ಅಮ್ಮಾ, ಹಾಲಿಗೆ ಹೆಪ್ಪು ಇದ್ದ ಹಾಗೆ ಆ ಜಾಗದಲ್ಲೂ ಒಳ್ಳೆ ಸೂಕ್ಷ್ಮಜೀವಿಗಳು ಇರ್ತವೆ. ಅವೇ ಕಾವಲು. ನಿಮ್ಮ ಔಷಧಿಗೆ ಅವು ಸತ್ತು, ಸೋಂಕು ಹತ್ತಿದೆ. ಬಸಿರು ನಿಲ್ಲದಿರೋದಕ್ಕೆ ಇದೂ ಒಂದು ಕಾರಣ ಇರಬಹುದು. ವಾಸಿ ಮಾಡೋಣ. ನಿಮ್ಮ ಮಗನನ್ನೂ ಪರೀಕ್ಷೆಗೆ ಕಳಿಸಿ."

ವಾಪಸು ಬರುವಾಗ ಬಸ್ಸಿನಲ್ಲಿ ಆರು ವರ್ಷದ ಉರಿ, ತುರಿಕೆ ನೆನಪಾಗಿ ನನಗೆ ಸಿಟ್ಟು ಕುದಿಯುತ್ತಿತ್ತು. ಹೊಳಲ್ಕೆರೆ ದಾಟಿದ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡರು.

"ರೇಣುಕಾ, ಶುಕ್ರವಾರ ಯಾರು ಕೇಳಿದ್ರೂ ಒಂದ್ ಚಮಚ ಹೆಪ್ಪು ಮನೆಯಿಂದ ಹೊರಗೆ ಕೊಟ್ಟೋಳಲ್ಲ ನಾನು. ನಿನ್ನ ಹೆಪ್ಪನ್ನ ನಾನೇ ತೊಳ್ದು ಚೆಲ್ಲಿಬಿಟ್ನಲ್ಲೇ!"